ಔಷಧಿಗೆ ವಿಳಾಸ ಗೊತ್ತಿಲ್ವಾ ಮಗ?

ಎರಡನೇ ಕೀಮೊ ಮುಗಿಸಿಕೊಂಡು ಊರಿಗೆ ಬಂದ ವಾರ, ಅವ್ವನ ತಲೇಲಿ ಉಳಿದಿದ್ದ ಕೂದಲೂ ಬಾಚಣಿಗೆಗೆ ಬಂತು. ಜಗಲಿ ಮೇಲೆ ಕೂತು ಅದನ್ನು ಉಂಡೆ ಮಾಡಿ ಕೈಲಿ ಹಿಡ್ಕೊಂಡಿದ್ದಳು. ಅಳಲಿಲ್ಲ. ನನ್ನ ಕಡೆ ತಿರುಗಿ, "ಗಂಟಿರೋದು ಎದೇಲಿ. ಔಸ್ತಿ ತಲೆಗ್ಯಾಕ್ ಹೋಯ್ತದೆ ಮಗ? ಅದ್ಕೆ ವಿಳಾಸ ಗೊತ್ತಿಲ್ವಾ?" ಅಂದಳು.

ಮದ್ದೂರಿನಿಂದ ಮಳವಳ್ಳಿಗೆ ಹೋಗೋ ದಾರೀಲಿ ಕೆ.ಎಂ. ದೊಡ್ಡಿ ದಾಟಿ ಒಳಗೆ ಹೋದರೆ ನಮ್ಮೂರು. ನಾನು ಕೆಲಸ ಮಾಡೋದು ಬೆಂಗಳೂರಲ್ಲಿ, ಸರಕು ಸಾಗಣೆಯ ಸಾಫ್ಟ್‌ವೇರ್ ಬರೆಯೋ ತಂಡದಲ್ಲಿ. ಪಾರ್ಸೆಲ್ ಯಾವ ಗೋಡೌನಿಂದ ಹೊರಟು, ಯಾವ ಗಾಡಿ ಹತ್ತಿ, ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದೇ ನನ್ನ ದಿನದ ಕೆಲಸ. ಅಂಥವಳಿಗೆ ಅವ್ವ ಕೇಳಿದ್ದು ವಿಳಾಸದ ಪ್ರಶ್ನೆ. ಹಾಗಾಗಿ ಬಾಯಿ ತಡೆಯಲಿಲ್ಲ. ಆಸ್ಪತ್ರೆ ಶುರುವಾದಾಗಿನಿಂದ ರಾತ್ರಿ ಎಲ್ಲ ಫೋನಲ್ಲಿ ಓದಿದ್ದನ್ನೆಲ್ಲ ಹೇಳೋಕೆ ಕೂತೆ. ಅದರಿಂದ ಏನಾಯ್ತು ಅನ್ನೋದೇ ಈ ಸಲದ ಅಂಕಣ.

ಮೊದಲು ಕೂದಲಿನ ವಿಷಯ. ಅವ್ವನಿಗೆ ಕೊಡ್ತಿದ್ದ ಔಷಧಿಗಳಲ್ಲಿ ಒಂದು ಡಾಕ್ಸೋರುಬಿಸಿನ್. ವಾರ್ಡಿನಲ್ಲಿ ಎಲ್ಲರೂ ಅದನ್ನ 'ಕೆಂಪು ಔಷಧಿ' ಅಂತಾರೆ, ಬಣ್ಣ ಹಾಗೇ ಇರುತ್ತೆ. ರಕ್ತಕ್ಕೆ ಬಿಟ್ಟರೆ ಅದು ಮೈಯೆಲ್ಲ ಸುತ್ತುತ್ತೆ. ಬೇಗ ಬೇಗ ಒಡೆದು ಎರಡಾಗೋ ಜೀವಕೋಶ ಎಲ್ಲಿ ಸಿಕ್ಕರೂ ಹೊಡೆಯುತ್ತೆ. ಗಂಟಿನ ಕೋಶಗಳು ಹಾಗೆ ಒಡೀತಾ ಇರ್ತವೆ. ಕೂದಲಿನ ಬುಡ, ಬಾಯಿಯ ಒಳಚರ್ಮ, ಕರುಳು, ರಕ್ತ ತಯಾರಾಗೋ ಮೂಳೆಮಜ್ಜೆ, ಇವೂ ಅಷ್ಟೇ. ಹೃದಯಕ್ಕೂ ಪೆಟ್ಟು ಕೊಡಬಹುದು ಅಂತ ಶುರು ಮಾಡೋ ಮುಂಚೆ ಎಕೋ ಮಾಡಿಸಿದ್ದರು. ಅವ್ವ ಹೇಳಿದ್ದು ಸರಿ: ಈ ಔಷಧಿಗೆ ವಿಳಾಸ ಗೊತ್ತಿಲ್ಲ. ಊರಿನ ಎಲ್ಲ ಮನೆ ಬಾಗಿಲನ್ನೂ ಬಡಿಯುತ್ತೆ.

ಆದರೆ ಜೀವಕೋಶಕ್ಕೆ ವಿಳಾಸ ಇದೆ. ಅದನ್ನ ಬರೆದಿರೋದು ಸಕ್ಕರೇಲಿ.

ಇದು ಕಥೆ ಅಲ್ಲ. ಪ್ರತಿ ಕೋಶದ ಮೈಮೇಲೂ ಸಕ್ಕರೆ ಅಣುಗಳ ಸರಗಳು ಹುಲ್ಲಿನ ಹಾಗೆ ಎದ್ದು ನಿಂತಿರ್ತವೆ. ನಮಗೆಲ್ಲ ಗೊತ್ತಿರೋ ಉದಾಹರಣೆ ಬ್ಲಡ್ ಗ್ರೂಪ್. ಎ ಗುಂಪಿಗೂ ಬಿ ಗುಂಪಿಗೂ ಇರೋ ವ್ಯತ್ಯಾಸ ಕೆಂಪು ರಕ್ತಕಣದ ಮೇಲಿನ ಸರದ ತುದೀಲಿ ಕೂತಿರೋ ಒಂದೇ ಒಂದು ಸಕ್ಕರೆ. ಅಷ್ಟು ಸಣ್ಣ ವ್ಯತ್ಯಾಸ ತಪ್ಪಿದರೆ ರಕ್ತ ಕೊಟ್ಟವರ ರಕ್ತವೇ ವಿಷ ಆಗುತ್ತೆ. ಸಕ್ಕರೆಯನ್ನ ಓದೋ ಕೈಗಳೂ ಕೋಶಗಳ ಮೇಲಿವೆ. ಹಾಲಿನಲ್ಲಿರೋ ಗ್ಯಾಲಕ್ಟೋಸ್ ಅನ್ನೋ ಸಕ್ಕರೆಯನ್ನ ಲಿವರಿನ ಕೋಶಗಳು ಗುರುತು ಹಿಡಿದು ಒಳಗೆ ಎಳ್ಕೊಳ್ತವೆ. ಮ್ಯಾನೋಸ್ ಅನ್ನೋ ಇನ್ನೊಂದನ್ನ ಮ್ಯಾಕ್ರೋಫೇಜ್ ಅನ್ನೋ ಕಾವಲು ಕೋಶಗಳು ಹಿಡೀತವೆ.

ಹಾಗಾದರೆ ಔಷಧಿಯನ್ನ ಸಣ್ಣ ಪಾಲಿಮರ್ ಉಂಡೆಯೊಳಗೆ ಬಚ್ಚಿಟ್ಟು, ಉಂಡೆಯ ಮೈಗೆ ಬೇಕಾದ ಸಕ್ಕರೆ ಅಂಟಿಸಿ ಕಳಿಸಿದರೆ? ದಾರೀಲಿ ಯಾರ ಮನೆ ಬಾಗಿಲನ್ನೂ ಬಡಿಯದೆ, ಆ ಸಕ್ಕರೆಯ ಗುರುತು ಇರೋ ಮನೆಗೇ ಹೋಗಬೇಕು. ಯೋಚನೆ ಇಷ್ಟೇ. ಉಂಡೆ ಎಷ್ಟು ಸಣ್ಣದು ಅಂದರೆ 100 ನ್ಯಾನೊಮೀಟರ್ ಆಸುಪಾಸು. ಅವ್ವನ ಕೈಲಿದ್ದ ಒಂದು ಎಳೆ ಕೂದಲಿನ ದಪ್ಪಕ್ಕೆ ಅಂಥವು ಸುಮಾರು 800 ಸಾಲಾಗಿ ನಿಲ್ತವೆ.

"ಸಕ್ರೆ ಅಂದ್ರೆ ನಮ್ ಸಕ್ರೇನಾ?" ಅಂತ ಅಪ್ಪ ಕೇಳಿದ. ಇಷ್ಟು ಹೊತ್ತು ಸುಮ್ಮನೆ ಕೂತಿದ್ದವನು, ಕಬ್ಬಿನ ಮಾತು ಬಂದ ಹಾಗಾಯ್ತು ನೋಡಿ.

ಸಕ್ಕರೆ ನಾಡಿನವರಿಗೆ ಹೇಳಲೇಬೇಕಾದ ಒಂದು ಸಂಗತಿ ಇಲ್ಲಿದೆ. ಮಂಡ್ಯದಲ್ಲಿ ಮೈಶುಗರ್ ಶುರುವಾಗಿದ್ದು 1933ರಲ್ಲಿ. ಅವತ್ತಿಂದ ಇವತ್ತಿನವರೆಗೂ ಇಲ್ಲಿನ ರೈತರ ಒಂದು ಗೋಳು ಹಾಗೇ ಇದೆ: ಕಟಾವು ಮಾಡಿದ ಕಬ್ಬು ಗಾಡೀಲಿ ಕಾಯೋದು. ಟ್ರ್ಯಾಕ್ಟರ್ ಸಾಲಲ್ಲಿ ಎರಡು ದಿನ ನಿಂತರೆ ಕಬ್ಬು ಒಣಗಿ ತೂಕ ಇಳಿಯುತ್ತೆ ಅಂತ ಮಾತ್ರ ನಾನು ಅಂದ್ಕೊಂಡಿದ್ದೆ. ಅದಕ್ಕಿಂತ ಹೆಚ್ಚಿನದು ಒಳಗೆ ನಡೀತಿರುತ್ತೆ. ಕತ್ತರಿಸಿದ ತುದಿಯಿಂದ ಲ್ಯುಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಒಳಗೆ ಸೇರಿ, ಸಕ್ಕರೆಯನ್ನ ತಿಂದು, ಅದರ ಕಣಗಳನ್ನೇ ಉದ್ದುದ್ದ ಸರವಾಗಿ ಪೋಣಿಸಿಬಿಡುತ್ತೆ. ಆ ಸರದ ಹೆಸರು ಡೆಕ್ಸ್ಟ್ರಾನ್. ಅದು ಸೇರಿದ ಹಾಲು ಲೋಳೆಲೋಳೆ ಆಗುತ್ತೆ, ಸೋಸೋದು ಕಷ್ಟ, ಸಕ್ಕರೆ ಸರಿಯಾಗಿ ಹರಳುಗಟ್ಟಲ್ಲ, ಇಳುವರಿ ಬೀಳುತ್ತೆ. ಕಾರ್ಖಾನೆಯವರಿಗೆ ಡೆಕ್ಸ್ಟ್ರಾನ್ ಅಂದರೆ ಶನಿ.

ಅದೇ ಬ್ಯಾಕ್ಟೀರಿಯಾ ರಾತ್ರಿ ನೆನೆಸಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನ ಉಬ್ಬಿಸುತ್ತೆ. ಅದೇ ಡೆಕ್ಸ್ಟ್ರಾನ್ ಔಷಧಿ ಲೋಕದಲ್ಲಿ ಬಂಗಾರ. ಶುದ್ಧ ಮಾಡಿದರೆ ಮೈಗೆ ಒಗ್ಗುತ್ತೆ, ನೀರಲ್ಲಿ ಕರಗುತ್ತೆ, ಅದಕ್ಕೆ ಬೇಕಾದ್ದನ್ನ ಅಂಟಿಸಬಹುದು. 1940ರ ದಶಕದಲ್ಲೇ ಸ್ವೀಡನ್‌ನಲ್ಲಿ ಅದನ್ನ ರಕ್ತ ಹೋದವರಿಗೆ ಏರಿಸೋ ದ್ರವವಾಗಿ ಬಳಸೋಕೆ ಶುರು ಮಾಡಿದ್ದರು. ಇವತ್ತು ಔಷಧಿ ಹೊರೋ ಉಂಡೆಗಳ ಮೈ ಕಟ್ಟೋಕೂ ಅದು ಬೇಕು.

"ಗಾಡೀಲಿ ಕೊಳ್ತಿದ್ದು ಔಸ್ತಿ ಆಯ್ತದೆ ಅನ್ನು," ಅಂದ ಅಪ್ಪ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಇದೆಲ್ಲ ಎಲ್ಲೋ ಅಮೆರಿಕದಲ್ಲಿ ನಡೆಯೋ ಕೆಲಸ ಅಂದ್ಕೋಬೇಡಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ ಅಲ್ಲಿ, ಪ್ರೊ. ಅಶೋಕ್ ರಾಯಚೂರ್ ಮತ್ತು ಪ್ರೊ. ದೀಪಶಿಖಾ ಚಕ್ರವರ್ತಿ ಅವರ ತಂಡಗಳು ಸೇರಿ 2013ರಲ್ಲಿ ಒಂದು ಪ್ರಯೋಗ ಪ್ರಕಟಿಸಿದವು. ಟೈಫಾಯಿಡ್ ತರೋ ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಮಹಾ ಕಿಲಾಡಿ. ನಮ್ಮನ್ನ ಕಾಯಬೇಕಾದ ಮ್ಯಾಕ್ರೋಫೇಜ್ ಕೋಶದ ಹೊಟ್ಟೆಯೊಳಗೇ ಅಡಗಿ ಕೂರುತ್ತೆ. ಪೊಲೀಸ್ ಸ್ಟೇಷನ್ನಲ್ಲೇ ಕಳ್ಳ ಮಲಗಿದ ಹಾಗೆ. ರಕ್ತದಲ್ಲಿ ಓಡಾಡೋ ಆಂಟಿಬಯಾಟಿಕ್ ಅಲ್ಲಿಗೆ ಸಾಕಷ್ಟು ಮುಟ್ಟಲ್ಲ. ಇವರು ಮಾಡಿದ್ದೇನು ಅಂದರೆ, ಸೀಗಡಿ, ಏಡಿಗಳ ಚಿಪ್ಪಿನಿಂದ ಬರೋ ಕೈಟೋಸಾನ್ ಒಂದು ಪದರ, ಡೆಕ್ಸ್ಟ್ರಾನ್ ಸಲ್ಫೇಟ್ ಒಂದು ಪದರ ಹೀಗೆ ಟೊಳ್ಳು ಉಂಡೆ ಕಟ್ಟಿ, ಒಳಗೆ ಸಿಪ್ರೊಫ್ಲಾಕ್ಸಸಿನ್‌ನಂಥ ಮಾಮೂಲಿ ಔಷಧಿ ತುಂಬಿದ್ದು. ಎರಡೂ ಪದರ ಸಕ್ಕರೆ ಸರಗಳೇ. ಕಾವಲು ಕೋಶ ಆ ಉಂಡೆಯನ್ನ ತಾನೇ ನುಂಗಿತು, ಔಷಧಿ ಕಳ್ಳನ ಪಕ್ಕಕ್ಕೇ ಹೋಯ್ತು. ಪ್ರಯೋಗದ ಇಲಿಗಳಲ್ಲಿ ಬರೀ ಔಷಧಿಗಿಂತ ಉಂಡೆಯೊಳಗಿನ ಔಷಧಿ ಚೆನ್ನಾಗಿ ಕೆಲಸ ಮಾಡಿತು.

ಅದೇ ವರ್ಷ ರಾಯಚೂರ್ ಅವರ ಗುಂಪಿನಿಂದ ಇನ್ನೊಂದು ಪ್ರಯೋಗ ಬಂತು. ಅದನ್ನ ಓದಿದಾಗ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೆನಪಾಯ್ತು. ಪ್ರೋಟಮೈನ್ ಅನ್ನೋ ಪ್ರೋಟೀನು, ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನೋ ಸಕ್ಕರೆ ಸರ, ಇವೆರಡನ್ನ ಪದರ ಪದರವಾಗಿ ಹಾಕಿ ಕ್ಯಾಪ್ಸೂಲ್ ಮಾಡಿದ್ದರು. ಪ್ರೋಟೀನು ಕತ್ತರಿಸೋ ಕಿಣ್ವ ಬಂದರೆ ಗೋಡೆ ಒಡೆಯುತ್ತೆ. ಸಕ್ಕರೆ ಸರ ಕತ್ತರಿಸೋ ಕಿಣ್ವ ಬಂದರೂ ಒಡೆಯುತ್ತೆ. ಇದೋ, ಅದೋ, ಯಾವುದಾದರೊಂದು ಸಾಕು. ನಾವು ದಿನಾ ಕೋಡಲ್ಲಿ ಬರೆಯೋ 'ಆರ್ ಗೇಟ್' ಅದು! ಅವರೂ ಅದಕ್ಕೆ ಅದೇ ಹೆಸರು ಕೊಟ್ಟಿದ್ದರು. ಆಮೇಲೆ ಇಂಥದ್ದನ್ನೇ ನ್ಯಾನೊ ಗಾತ್ರಕ್ಕೆ ಇಳಿಸಿ, ಒಳಗೆ ಕ್ಯಾನ್ಸರ್ ಔಷಧಿ ತುಂಬಿ, ಲ್ಯಾಬಿನ ಕೋಶಗಳ ಮೇಲೆ ನೋಡಿದರು.

ಇಷ್ಟನ್ನೂ ನಾನು ಜಗಲಿ ಮೇಲೆ ಕೂತು ಮುಕ್ಕಾಲು ಗಂಟೆ ಹೇಳಿದೆ. ಚೆನ್ನಾಗೇ ಹೇಳಿದೆ ಅನ್ನಿಸ್ತು. ಅವ್ವ ಕೂದಲಿನ ಉಂಡೆಯನ್ನ ಪೇಪರಲ್ಲಿ ಸುತ್ತಿ ಪಕ್ಕಕ್ಕಿಟ್ಟು ಅಂದಳು:

"ಹಂಗಾದ್ರೆ ಅದು ಬರೋಗಂಟ ಕಾಯ್ತೀನಿ ಬುಡು. ಈ ಕೆಂಪು ನೀರು ನಂಗ್ ಬ್ಯಾಡ."

ನನಗೆ ಕಾಲಡಿಯ ನೆಲವೇ ಜಾರಿದ ಹಾಗಾಯ್ತು.

ಅವ್ವನದು ಮೊದಲು ಕೀಮೊ ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡೋ ಲೆಕ್ಕ. ಕೆಂಪು ಔಷಧಿ ನಾಲ್ಕು ಸಲ, ಮೂರು ವಾರಕ್ಕೊಂದು. ಎರಡು ಆಗಿತ್ತು. ಮೂರನೆಯದಕ್ಕೆ ಇನ್ನು ಎಂಟು ದಿನ. ಸಮಾಧಾನ ಮಾಡೋಕೆ ಹೋಗಿ ನಾನೇ ಅವ್ವನ ಕೈಗೆ ಚಿಕಿತ್ಸೆ ಬಿಡೋ ಕಾರಣ ಕೊಟ್ಟಿದ್ದೆ. ಅವ್ವನದು ಹಟ ಅಂತ ಹೇಳೋಕಾಗಲ್ಲ. ನಾನು ಹೇಳಿದ್ದನ್ನ ನಂಬಿದ್ದಳು, ಅಷ್ಟೇ. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅರ್ಧ ಮಾತ್ರ ಇತ್ತು.

ಉಳಿದರ್ಧ ಹೇಳೋಕೆ ಎರಡು ದಿನ ರಜಾ ಹಾಕಿ ಊರಲ್ಲೇ ಉಳಿದೆ.

ಉಳಿದರ್ಧ ಇದು. ಅವ್ವನಿಗೆ ಕೊಡ್ತಿರೋ ಅದೇ ಕೆಂಪು ಔಷಧಿಯನ್ನ ಪಾಲಿಮರ್ ಸರಕ್ಕೆ ಕಟ್ಟಿ, ಅದರ ಮೇಲೆ ಗ್ಯಾಲಕ್ಟೋಸಿನ ಜಾತಿಯ ಸಕ್ಕರೆ ಅಂಟಿಸಿ, ಲಿವರ್ ಕ್ಯಾನ್ಸರ್ ರೋಗಿಗಳಿಗೆ ನಿಜವಾಗಿಯೂ ಕೊಟ್ಟು ನೋಡಿದ್ದಾರೆ. ಬ್ರಿಟನ್‌ನಲ್ಲಿ. ಅದರ ಹೆಸರು ಪಿಕೆ2, ಫಲಿತಾಂಶ ಪ್ರಕಟವಾಗಿದ್ದು 2002ರಲ್ಲಿ. ಸಕ್ಕರೆಯ ವಿಳಾಸ ಕೆಲಸ ಮಾಡಿತು, ಔಷಧಿ ಲಿವರಿಗೇ ಹೋಯ್ತು. ಆದರೆ ಆ ಸಕ್ಕರೆಯನ್ನ ಗುರುತು ಹಿಡಿಯೋ ಕೈ ಲಿವರಿನ ಆರೋಗ್ಯವಾದ ಕೋಶಗಳ ಮೇಲೂ ಧಾರಾಳವಾಗಿತ್ತು. ಗಂಟಿಗಿಂತ ಹೆಚ್ಚು ಔಷಧಿ ಒಳ್ಳೆಯ ಲಿವರಿಗೇ ಸೇರಿತು. ಕೆಲವರಿಗೆ ಗಂಟು ಕುಗ್ಗಿದ್ದೂ ಉಂಟು. ಆದರೂ ಅದು ಅಂಗಡಿಗೆ ಬರಲಿಲ್ಲ. ಬೀದಿ ಸರಿ, ಮನೆ ತಪ್ಪು. ಕ್ಯಾನ್ಸರ್ ಕೋಶ ಹೊರಗಿಂದ ಬಂದ ಶತ್ರು ಅಲ್ಲ, ನಮ್ಮದೇ ಮನೆಯ ದಾರಿ ತಪ್ಪಿದ ಮಗ. ಅದರ ಬಾಗಿಲ ಮೇಲಿನ ಹೆಸರೂ ಹೆಚ್ಚುಕಡಿಮೆ ನಮ್ಮ ಮನೆತನದ್ದೇ.

ಎರಡನೇ ತೊಂದರೆ ದಾರಿಯದು. ಉಂಡೆ ರಕ್ತಕ್ಕೆ ಇಳಿದ ಕೂಡಲೇ ರಕ್ತದ ಪ್ರೋಟೀನುಗಳು ಅದರ ಮೈಗೆ ಮೆತ್ತಿಕೊಳ್ತವೆ. ಮಳೆಗಾಲದಲ್ಲಿ ನಮ್ಮೂರ ರಸ್ತೇಲಿ ಬಂದ ಗಾಡಿಯ ನಂಬರ್ ಪ್ಲೇಟಿನ ಹಾಗೆ, ವಿಳಾಸವೇ ಮುಚ್ಚಿಹೋಗಬಹುದು. ಮೇಲಿಂದ ಲಿವರ್ ಮತ್ತು ಗುಲ್ಮದಲ್ಲಿರೋ ಕಾವಲು ಕೋಶಗಳು ಇಂಥ ಉಂಡೆ ಕಂಡರೆ ಹಿಡಿದು ನುಂಗ್ತವೆ. ಅವುಗಳ ಕೆಲಸವೇ ಅದು. ಟೈಫಾಯಿಡ್ ಪ್ರಯೋಗದಲ್ಲಿ ಇದೇ ಗುಣ ಅನುಕೂಲಕ್ಕೆ ಬಂದಿತ್ತು. ಕ್ಯಾನ್ಸರ್ ಗಂಟಿಗೆ ಹೋಗಬೇಕಾದಾಗ ಇದೇ ಅಡ್ಡಿ.

2016ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಹಿಂದಿನ 10 ವರ್ಷಗಳ ಪ್ರಾಣಿ ಪ್ರಯೋಗಗಳನ್ನ ಕಲೆಹಾಕಿ ಲೆಕ್ಕ ಮಾಡಿತು. ಚುಚ್ಚಿದ ನ್ಯಾನೊ ಉಂಡೆಗಳಲ್ಲಿ ಗಂಟಿಗೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 0.7. ಸಾದಾ ಔಷಧಿಯೂ ಪೂರ್ತಿ ಗಂಟಿಗೇ ಹೋಗಲ್ಲ, ಅದೂ ನಿಜ. ಆದರೂ ವಿಳಾಸದ ಕನಸಿಗೆ ಈ ಸಂಖ್ಯೆ ತಣ್ಣೀರು.

ಅಪ್ಪನಿಗೆ ಇದನ್ನ ಹೇಳಿದಾಗ, "ಅಂದ್ರೆ ಸಾವ್ರ ಲೋಡು ಕಬ್ಬು ಕಳ್ಸಿದ್ರೆ ಗೇಟಿಗೆ ಏಳು ಲೋಡು," ಅಂದ. ನಂತರ ಅವ್ವನ ಕಡೆ ತಿರುಗಿ, "ಹೊಸ ಕಾರ್ಖಾನೆ ಕಟ್ತರೆ ಅಂತ ಬೆಳ್ದಿರೋ ಕಬ್ಬ ಗದ್ದೇಲೇ ಬುಟ್ಟಾರಾ? ಇವತ್ತು ಅರೆಯೋ ಗಾಣ ಯಾವ್ದದೋ ಅಲ್ಗೆ ಹಾಕ್ಬೇಕು," ಅಂದ. ನಾನು ಎರಡು ದಿನ ಹೇಳಿದ್ದು ಆ ಒಂದು ಮಾತಲ್ಲಿತ್ತು.

ಅವ್ವ ಬೇಗ ಒಪ್ಪಲಿಲ್ಲ. "ಹಂಗಾದ್ರೆ ಬರೀ ಸುಳ್ಳಾ ಅದು?" ಅಂತ ಕೇಳಿದಳು. ಅದಕ್ಕೂ ಪ್ರಾಮಾಣಿಕವಾಗಿ ಉತ್ತರ ಹೇಳಬೇಕಿತ್ತು.

ಸುಳ್ಳಲ್ಲ. ಬಂದಿರೋದೂ ಇದೆ. ಕೆಂಪು ಔಷಧಿಯನ್ನ ಕೊಬ್ಬಿನ ಸಣ್ಣ ಗುಳ್ಳೆಯೊಳಗಿಟ್ಟು ಕೊಡೋ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ತು. ಅದರಿಂದ ಹೃದಯಕ್ಕೆ ಪೆಟ್ಟು ಕಡಿಮೆ. ಅದರ ಮೈಮೇಲೆ ಸಕ್ಕರೆ ವಿಳಾಸ ಇಲ್ಲ, ಮತ್ತು ಅದು ಎಲ್ಲರ ಕಾಯಿಲೆಗೂ ಹೊಂದಲ್ಲ. 2013ರಲ್ಲಿ ಟಿಲ್ಮನೊಸೆಪ್ಟ್ ಅನ್ನೋದಕ್ಕೆ ಒಪ್ಪಿಗೆ ಸಿಕ್ತು. ಡೆಕ್ಸ್ಟ್ರಾನ್ ಸರದ ಮೇಲೆ ಮ್ಯಾನೋಸ್ ಸಕ್ಕರೆ ಅಂಟಿಸಿ, ಜೊತೆಗೆ ವಿಕಿರಣ ಸೂಸೋ ಕಣ ಕಟ್ಟಿದ್ದು. ಸ್ತನ ಕ್ಯಾನ್ಸರಲ್ಲೂ ರೋಗ ಮೊದಲು ಹರಡೋ ಗ್ರಂಥಿ ಯಾವುದು ಅಂತ ಸರ್ಜನ್‌ಗೆ ತೋರಿಸುತ್ತೆ. ವಾಸಿ ಮಾಡಲ್ಲ, ಹುಡುಕಿಕೊಡುತ್ತೆ. ಕೊಲೆಸ್ಟ್ರಾಲ್‌ಗೆ ಇನ್‌ಕ್ಲಿಸಿರಾನ್ ಅನ್ನೋ ಇಂಜೆಕ್ಷನ್ 2020ರಲ್ಲಿ ಯುರೋಪಿನಲ್ಲಿ, 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೀತು. ಪಾಲಿಮರ್ ಉಂಡೆ ಇಲ್ಲ, ಔಷಧಿಯ ಬಾಲಕ್ಕೇ ಸಕ್ಕರೆ ಅಂಟಿಸಿದ್ದಾರೆ. ಅದು ನೇರ ಲಿವರಿಗೆ ಹೋಗುತ್ತೆ. ಮೊದಲ ಎರಡು ಡೋಸ್ ಆದ ಮೇಲೆ ಆರು ತಿಂಗಳಿಗೊಂದು ಚುಚ್ಚಿದರೆ ಸಾಕು. ಅಲ್ಲಿ ಗೆದ್ದಿದ್ದೇಕೆ ಅಂದರೆ ಔಷಧಿ ಸೇರಬೇಕಾದ್ದೇ ಆರೋಗ್ಯವಾದ ಲಿವರ್ ಕೋಶಕ್ಕೆ. ಪಿಕೆ2 ಸೋತ ಬೀದಿಯಲ್ಲೇ ಇದು ಗೆದ್ದಿತು.

"ಬತ್ತದೆ ಅವ್ವ. ಆದ್ರೆ ನಿನ್ನ ಮೂರನೇ ಕೀಮೊಗೆ ಬರಲ್ಲ," ಅಂದೆ. ಹೇಳುವಾಗ ಗಂಟಲು ಕಟ್ಟಿತು.

ಆ ರಾತ್ರಿ ಏನೂ ಹೇಳಲಿಲ್ಲ ಅವ್ವ. ಮಾರನೇ ದಿನ ಬೆಳಗ್ಗೆ ರಕ್ತ ಪರೀಕ್ಷೆಗೆ ಮಂಡ್ಯಕ್ಕೆ ಹೋಗಬೇಕಿತ್ತು. ಆರು ಗಂಟೆಗೆ ಎದ್ದು ನೋಡಿದರೆ ತಲೆಗೆ ಹತ್ತಿ ಸೀರೆಯ ತುಂಡು ಕಟ್ಕೊಂಡು ರೆಡಿಯಾಗಿ ಕೂತಿದ್ದಳು. ಎಂಟನೇ ದಿನ ಬೆಂಗಳೂರಿಗೆ ಬಂದಳು. ಡಾಕ್ಟರ ಹತ್ತಿರ ತಾನೇ ಕೇಳಿದಳು: "ಸಕ್ರೆ ಹಚ್ಚಿರೋ ಔಸ್ತಿ ಇದ್ಯಂತಲ್ಲ ಸಾರ್?" ಡಾಕ್ಟರು ನಕ್ಕು, ನನ್ನ ಕಡೆ ಒಂದು ಸಲ ನೋಡಿ, ಕುರ್ಚಿ ಎಳೆದು ಕೂತು ಐದು ನಿಮಿಷ ಮಾತಾಡಿದರು. ವಾಂತಿಗೆ ಔಷಧಿ ಬದಲಿಸಿದರು. ಅವ್ವನಿಗೆ ಬೇಕಿದ್ದದ್ದು ಬಹುಶಃ ಅದೇ. ವಾಂತಿ ತಡೆಯೋಕಾಗ್ತಿಲ್ಲ ಅನ್ನೋದನ್ನ ಅವಳು ನಮಗೆ ಯಾರಿಗೂ ಸರಿಯಾಗಿ ಹೇಳೇ ಇರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ನ್ಯಾನೊಮೀಟರ್ ಲೆಕ್ಕದಲ್ಲಿದ್ದೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ನಾಲ್ಕನೇ ಕೀಮೊ ಹೊತ್ತಿಗೆ ಮಳವಳ್ಳಿಯಿಂದ ನೆಂಟರೊಬ್ಬರು ಒಂದು ಬಾಟಲಿ ತಂದರು. ಮೇಲೆ ದೊಡ್ಡದಾಗಿ 'ನ್ಯಾನೊ' ಅಂತ ಬರೆದಿತ್ತು. ಕ್ಯಾನ್ಸರ್ ಕೋಶವನ್ನ ಮಾತ್ರ ಹುಡುಕಿ ಹೊಡೆಯುತ್ತಂತೆ, ದಿನಕ್ಕೆ ಹತ್ತು ಹನಿ. ಪ್ರೀತಿಯಿಂದಲೇ ತಂದಿದ್ದರು, ಸಾಲ ಮಾಡಿ ತಂದಿದ್ದರು. ಅವ್ವ ಬಾಟಲಿ ತಿರುಗಿಸಿ ನೋಡಿ ನನಗಿಂತ ಮೊದಲೇ ಕೇಳಿದಳು: "ಇದ್ನ ಇಲಿಗ್ ಕೊಟ್ಟವ್ರಾ, ಮನುಸ್ರಿಗ್ ಕೊಟ್ಟವ್ರಾ? ಎಷ್ಟ್ ಜನಕ್ಕೆ? ಅವ್ರು ಏನಾದ್ರು?" ನೆಂಟರ ಹತ್ತಿರ ಉತ್ತರ ಇರಲಿಲ್ಲ. ಬಾಟಲಿಯ ಮೇಲೂ ಇರಲಿಲ್ಲ. ಅವರಿಗೆ ಕಾಫಿ ಕೊಟ್ಟು, ಬಾಟಲಿ ವಾಪಸ್ ಕೊಟ್ಟು ಕಳಿಸಿದಳು.

ಆ ಮೂರು ಪ್ರಶ್ನೆ ನೀವೂ ಇಟ್ಕೊಳ್ಳಿ. ಫೋನಲ್ಲಿ 'ಕ್ಯಾನ್ಸರ್‌ಗೆ ಹೊಸ ಔಷಧಿ' ಅಂತ ಸುದ್ದಿ ಬಂದಾಗ ಮನೆಯವರಿಗೆ ಫಾರ್ವರ್ಡ್ ಮಾಡೋ ಮುಂಚೆ ಕೇಳ್ಕೊಳ್ಳಿ. ಗಾಜಿನ ತಟ್ಟೆಯ ಕೋಶದ ಮೇಲಾ, ಇಲಿಯ ಮೇಲಾ, ಮನುಷ್ಯರ ಮೇಲಾ? ಸುದ್ದಿ ಸುಳ್ಳಿರಲಿಕ್ಕಿಲ್ಲ. ಆದರೆ ನಿಮ್ಮ ಮನೇಲಿ ಅದನ್ನ ಕಾಯ್ತಾ ಕೂರೋರು ಇರಬಹುದು.

ಈಗ ಆಪರೇಷನ್ ಮುಗಿದಿದೆ, ಫಾಲೋಅಪ್ ನಡೀತಿದೆ. ಅವ್ವನ ತಲೇಲಿ ಬೆರಳುದ್ದ ಕೂದಲು ಬಂದಿದೆ, ಮುಂಚೆ ನೇರ ಇದ್ದದ್ದು ಈಗ ಗುಂಗುರು. ಹೋದ ವಾರ ಮನೆಗೆ ಹೋದಾಗ ಸಂತೇಲಿ ತಂದ ಹೊಸ ಬಾಚಣಿಗೆ ತೋರಿಸಿದಳು. ಅಪ್ಪನ ಕಬ್ಬು ಕಟಾವಿಗೆ ಬಂದಿದೆ. ಗಾಡಿ ಇನ್ನೂ ಸಿಕ್ಕಿಲ್ಲ.